ಪೆಟ್ಟಿಗೆಯೊಳಗಿನ ಒಂದು ಪುಸ್ತಕ

ಕೇಳುಗರೇ, ನಮಸ್ಕಾರ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಚಿಕ್ಕಪ್ಪ ಸೌದಿ ಅರೇಬಿಯಾಕ್ಕೆ ಹೊರಟರು. ಆಗ ಕರಾವಳಿಯಿಂದ ಗಲ್ಫಿಗೆ ಹೋಗುವವರು ಬಸ್ಸಿನಲ್ಲಿ ಮುಂಬಯಿ ತಲುಪಿ, ಅಲ್ಲಿಂದ ವಿಮಾನ ಹತ್ತಬೇಕಿತ್ತು. ಹೊರಡುವ ಮುನ್ನಾದಿನ ಸಂಜೆ ಚಾವಡಿಯಲ್ಲಿ ಪೆಟ್ಟಿಗೆ ತೆರೆದಿಟ್ಟಿದ್ದರು. ಮಿಡಿ ಉಪ್ಪಿನಕಾಯಿ, ಹಪ್ಪಳದ ಕಟ್ಟು, ಸಾರಿನ ಪುಡಿ, ಎರಡು ಪಂಚೆ. ಅಜ್ಜಿ ಕೊನೆಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಭಗವದ್ಗೀತೆಯ ಪುಟ್ಟ ಪ್ರತಿಯೊಂದನ್ನು ತಂದು ಎಲ್ಲಕ್ಕಿಂತ ಮೇಲೆ ಇಟ್ಟರು. ರಜೆಯಲ್ಲಿ ಊರಿಗೆ ಬಂದಿದ್ದ ನೆರೆಮನೆಯವರು ಅದನ್ನು ಕಂಡು, "ಅಮ್ಮಾ, ಇದೊಂದು ಬೇಡ. ಅಲ್ಲಿ ಪೆಟ್ಟಿಗೆ ಬಿಚ್ಚಿ ನೋಡುತ್ತಾರೆ" ಎಂದರು. ನೋಡಿದರೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಅಜ್ಜಿ ಪುಸ್ತಕವನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ದೇವರ ಕೋಣೆಗೆ ಹಿಂದಿರುಗಿಸಿದರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ನಮ್ಮ ಕರಾವಳಿಯಲ್ಲಿ ಇಂಥ ಸಂಜೆಯನ್ನು ಕಂಡ ಮನೆಗಳು ಬಹಳ ಇವೆ. ಕ್ರೈಸ್ತರ ಮನೆಗಳಲ್ಲಿ ಪೆಟ್ಟಿಗೆಯಿಂದ ಹೊರಬಂದದ್ದು ಜಪಸರ, ಕೊಂಕಣಿ ಪ್ರಾರ್ಥನೆಯ ಪುಸ್ತಕ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಧರ್ಮಗ್ರಂಥವನ್ನು ಜೊತೆಗೆ ಒಯ್ಯಬಹುದೇ ಎಂಬುದು ನಮಗೆ ಮನೆಯೊಳಗಿನ ಪ್ರಶ್ನೆ. ಆದ್ದರಿಂದಲೇ ಇದನ್ನು ಗಾಳಿಮಾತಿಗೆ ಬಿಡಬಾರದು ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ.

ಸೌದಿಯ ವಿಷಯವನ್ನೇ ಮೊದಲು ಹೇಳುತ್ತೇನೆ. ಕುರಾನ್ ಮತ್ತು ಪ್ರವಾದಿಯವರ ನಡೆನುಡಿಯಾದ ಸುನ್ನಾ ತನ್ನ ಸಂವಿಧಾನವೆಂದು 1992ರ ಮೂಲ ಕಾನೂನಿನಲ್ಲಿ ಆ ದೇಶ ಸಾರಿದೆ. ಬೇರೆ ಧರ್ಮದವರು ಬಹಿರಂಗವಾಗಿ ಪೂಜೆ, ಪ್ರಾರ್ಥನೆ ನಡೆಸುವುದಕ್ಕೆ ಅಲ್ಲಿ ಇಂದಿಗೂ ಅವಕಾಶವಿಲ್ಲ. ಆದರೆ ನಾಲ್ಕು ಗೋಡೆಗಳ ಒಳಗೆ ತಮ್ಮಷ್ಟಕ್ಕೆ ಪ್ರಾರ್ಥಿಸುವುದನ್ನು ಸರಕಾರ ಒಪ್ಪುತ್ತದೆ. ಸ್ವಂತ ಬಳಕೆಯ ಬೈಬಲನ್ನು ಒಯ್ಯಬಹುದು, ಹೆಚ್ಚು ಪ್ರತಿಗಳನ್ನು ಒಯ್ದರೆ ಕಠಿಣ ಶಿಕ್ಷೆಯಾಗಬಹುದು ಎಂದು ಬ್ರಿಟನ್ ಸರಕಾರ ತನ್ನ ಪ್ರಯಾಣಿಕರಿಗೆ ತಿಳಿಸಿದೆ. ಮುತವ್ವಾ ಎಂದು ನಮ್ಮವರು ಹೆದರಿಕೆಯಿಂದ ಹೇಳುತ್ತಿದ್ದ ಧಾರ್ಮಿಕ ಪೊಲೀಸರಿಂದ ಬಂಧಿಸುವ ಅಧಿಕಾರವನ್ನು 2016ರಲ್ಲಿ ಕಸಿದುಕೊಳ್ಳಲಾಯಿತು. 2019ರ ಸೆಪ್ಟೆಂಬರ್‌ನಲ್ಲಿ ಪ್ರವಾಸಿ ವೀಸಾ ಆರಂಭವಾಯಿತು. ನೆರೆಮನೆಯವರ ಮಾತು ಅವರ ಕಾಲಕ್ಕೆ ಸರಿಯಿತ್ತು. ಅದೇ ಮಾತು ನಲವತ್ತು ವರ್ಷಗಳ ಬಳಿಕವೂ ಊರಿನಲ್ಲಿ ಓಡಾಡುತ್ತಿದೆ.

ಬ್ರಿಟನ್ ಸರಕಾರದ ಆ ವಾಕ್ಯದಲ್ಲಿ 'ಸ್ವಂತ ಬಳಕೆ' ಎಂಬ ಎರಡು ಪದಗಳಿವೆಯಲ್ಲ, ದಯವಿಟ್ಟು ಅವನ್ನು ನೆನಪಿಡಿ. ಚೀನಾದ ಕಸ್ಟಮ್ಸ್ ನಿಯಮ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ: ತಾನು ಓದಲು, ಮಿತವಾದ ಸಂಖ್ಯೆಯಲ್ಲಿ. ಇಂಥ ನಿಯಮವಿರುವ ಕಡೆ ತನಿಖಾ ಅಧಿಕಾರಿ ನೋಡುವುದು ಪ್ರತಿಗಳು ಎಷ್ಟಿವೆ, ಅವು ಯಾರ ಕೈಸೇರಲಿವೆ ಎಂಬುದನ್ನು.

ಪುಸ್ತಕಕ್ಕಿಂತ ವಿಗ್ರಹವೇ ತೊಡಕಾಗುವ ಜಾಗವೂ ಇದೆ. ಬೆಂಗಳೂರಿನಿಂದ ವಿಮಾನ ಹತ್ತಿ ಕಡಲತೀರದ ರಜೆಗೆ ಮಾಲ್ಡೀವ್ಸ್‌ಗೆ ಹೋಗುವ ನವದಂಪತಿಗಳಿಗೆ ಇದು ತಿಳಿದಿರುವುದಿಲ್ಲ. ಮುಸ್ಲಿಮರಲ್ಲದವರು ಪೌರರಾಗುವಂತಿಲ್ಲ ಎಂದು 2008ರ ಸಂವಿಧಾನದಲ್ಲಿ ಬರೆದುಕೊಂಡ ದೇಶ ಅದು. ಪೂಜೆಯ ವಿಗ್ರಹಗಳು ಅಲ್ಲಿನ ಕಸ್ಟಮ್ಸ್‌ನ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿವೆ. ಅಮ್ಮ ಕೈಚೀಲಕ್ಕೆ ಹಾಕಿಕೊಟ್ಟ ಹೆಬ್ಬೆರಳಿನ ಗಾತ್ರದ ಗಣಪತಿಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ನನ್ನನ್ನು ಹೆಚ್ಚು ಕಲಕಿದ್ದು ಕತಾರಿನ ಪ್ರಕರಣ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಅಧಿಕಾರಿಗಳು ಗುರು ಗ್ರಂಥ ಸಾಹಿಬ್‌ನ ಎರಡು ಸರೂಪಗಳನ್ನು, ಎಂದರೆ ಪವಿತ್ರ ಪ್ರತಿಗಳನ್ನು, ವಶಪಡಿಸಿಕೊಂಡರು. ಅನುಮತಿಯಿಲ್ಲದೆ ಧಾರ್ಮಿಕ ಸ್ಥಳ ನಡೆಸಲಾಗುತ್ತಿತ್ತು ಎಂಬುದು ಆರೋಪ. ನಮ್ಮಲ್ಲಿ ಬೀದರಿನ ನಾನಕ್ ಝೀರಾ ಗುರುದ್ವಾರವನ್ನು ಕಂಡವರಿಗೆ ಇದರ ನೋವು ತಟ್ಟನೆ ಅರ್ಥವಾದೀತು. 1430 ಪುಟಗಳ ಆ ಗ್ರಂಥ ಸಿಖ್ಖರಿಗೆ ಜೀವಂತ ಗುರು. ಮೇಲೆ ಮೇಲ್ಕಟ್ಟು, ಪಕ್ಕದಲ್ಲಿ ಚಾಮರ. ಬೆಳಿಗ್ಗೆ ತೆರೆದು, ರಾತ್ರಿ ಮಡಿಯಾದ ಬಟ್ಟೆ ಹೊದಿಸಿ ವಿಶ್ರಾಂತಿಗೆ ಒಯ್ಯುತ್ತಾರೆ. ಸ್ಥಳ ಬದಲಿಸುವಾಗ ತಲೆಯ ಮೇಲೆ ಹೊರುತ್ತಾರೆ. ಅಂಥ ಗುರುವನ್ನು ಪೊಲೀಸ್ ಠಾಣೆಯಲ್ಲಿ ಇರಿಸಿಕೊಳ್ಳುವುದೆಂದರೆ ಭಕ್ತರ ಎದೆಗೆ ಏನಾಗಬೇಡ? ವಿಷಯ ದೆಹಲಿಯವರೆಗೆ ಹೋಯಿತು, ವಿದೇಶಾಂಗ ಸಚಿವಾಲಯ ಮಾತುಕತೆ ನಡೆಸಿತು. 2024ರ ಆಗಸ್ಟ್‌ನಲ್ಲಿ ಸರೂಪಗಳು ಮರಳಿ ಸಿಕ್ಕವು. ಕಡತದಲ್ಲಿ 'ವಶಪಡಿಸಿಕೊಂಡ ವಸ್ತು' ಎಂದು ಬರೆಯುವ ಕೈಗೂ ಆ ಕಡತದ ಆಚೆ ಕಾಯುತ್ತಿರುವ ಮನಸ್ಸಿಗೂ ನಡುವೆ ಅಷ್ಟು ದೊಡ್ಡ ಕಂದಕವಿರುತ್ತದೆ.

ಇದನ್ನೆಲ್ಲ ಕೇಳಿ ಯಾವುದೋ ಒಂದು ಮತದ ಮೇಲೆ ಬೆರಳು ತೋರಿಸುವುದು ಸುಲಭ. ಹಾಗೆ ಮಾಡಬೇಡಿ. ಬಹುಪಾಲು ಮುಸ್ಲಿಮರೇ ಇರುವ ಉಜ್ಬೇಕಿಸ್ತಾನದಲ್ಲಿ ಹೊರಗಿನಿಂದ ಬರುವ ಇಸ್ಲಾಮಿ ಪುಸ್ತಕಗಳಿಗೂ ಸರಕಾರದ ಧಾರ್ಮಿಕ ಸಮಿತಿಯ ಪರಿಶೀಲನೆಯಾಗಬೇಕು. ರಷ್ಯಾದಲ್ಲಿ ಕ್ರೈಸ್ತ ಗ್ರಂಥವೇ ಗಡಿಯಲ್ಲಿ ಸಿಕ್ಕಿಬಿತ್ತು. ಫಿನ್ಲೆಂಡಿನ ಕಡೆಯಿಂದ ಬಂದ, ಯೆಹೋವನ ಸಾಕ್ಷಿಗಳ ಪಂಥದವರ ಬೈಬಲ್ ಅನುವಾದದ ಪ್ರತಿಗಳನ್ನು 2015ರಲ್ಲಿ ವೈಬೋರ್ಗ್ ಕಸ್ಟಮ್ಸ್ ತಡೆಹಿಡಿಯಿತು. 2017ರಲ್ಲಿ ಅಲ್ಲಿನ ನ್ಯಾಯಾಲಯ ಆ ಅನುವಾದವನ್ನು ಉಗ್ರವಾದಿ ಸಾಹಿತ್ಯವೆಂದು ಘೋಷಿಸಿತು.

ರಷ್ಯಾ ಎಂದಾಗ ಹಿರಿಯ ಕೇಳುಗರಿಗೆ ಇನ್ನೊಂದು ಮೊಕದ್ದಮೆ ನೆನಪಾಗಬಹುದು. ಸೈಬೀರಿಯಾದ ತೋಮ್ಸ್ಕ್ ನಗರದಲ್ಲಿ, ಇಸ್ಕಾನ್ ಸ್ಥಾಪಕ ಭಕ್ತಿವೇದಾಂತ ಸ್ವಾಮಿ ಪ್ರಭುಪಾದರ ವ್ಯಾಖ್ಯಾನವುಳ್ಳ ಗೀತೆಯ ರಷ್ಯನ್ ಅನುವಾದವನ್ನು ನಿಷೇಧಿಸಬೇಕೆಂದು ಸರಕಾರಿ ಅಭಿಯೋಜಕರು ಕೋರಿದ್ದರು. 2011ರ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತಿನಲ್ಲಿ ಗದ್ದಲವೆದ್ದಾಗ ಉತ್ತರ ಕೊಡಬೇಕಾಗಿ ಬಂದದ್ದು ವಿದೇಶಾಂಗ ಸಚಿವರಾಗಿದ್ದ ನಮ್ಮ ಎಸ್.ಎಂ. ಕೃಷ್ಣ ಅವರಿಗೆ. ಆ ತಿಂಗಳ 28ರಂದು ನ್ಯಾಯಾಲಯ ಕೋರಿಕೆಯನ್ನು ತಳ್ಳಿಹಾಕಿತು. 2012ರ ಮಾರ್ಚ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. 2015ರಲ್ಲಿ ರಷ್ಯಾ ಒಂದು ಕಾನೂನು ಮಾಡಿ ಬೈಬಲ್, ಕುರಾನ್, ಯಹೂದಿಗಳ ತನಖ್, ಬೌದ್ಧರ ಕಂಜೂರ್ ಇವನ್ನು ಉಗ್ರವಾದಿ ಎನ್ನುವಂತಿಲ್ಲ ಎಂದಿತು. ಆ ನಾಲ್ಕರ ಪಟ್ಟಿಯಲ್ಲಿ ಗೀತೆ ಇಲ್ಲ. ಅದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಉತ್ತರ ಕೊರಿಯಾದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 2014ರಲ್ಲಿ ಅಮೆರಿಕದ ಪ್ರವಾಸಿಯೊಬ್ಬರು ಚೊಂಗ್‌ಜಿನ್ ಎಂಬ ಊರಿನ ನಾವಿಕರ ಕ್ಲಬ್ಬಿನಲ್ಲಿ ಒಂದೇ ಒಂದು ಬೈಬಲನ್ನು ಬಿಟ್ಟುಬಂದರು. ಸುಮಾರು ಆರು ತಿಂಗಳು ಸೆರೆಯಲ್ಲಿದ್ದರು.

ನಮ್ಮ ನೆಲದಲ್ಲೂ ಇಂಥ ಗೆರೆ ಇತ್ತು, ಇದೆ. 1793ರಲ್ಲಿ ಬಂಗಾಳಕ್ಕೆ ಬಂದ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿಗೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶದಲ್ಲಿ ಧರ್ಮಪ್ರಚಾರಕ್ಕೆ ಅನುಮತಿ ಇರಲಿಲ್ಲ. 1800ರಲ್ಲಿ ಡೆನ್ಮಾರ್ಕಿನ ಆಡಳಿತವಿದ್ದ ಸೆರಾಂಪುರಕ್ಕೆ ಹೋಗಿ ನೆಲೆಸಿದರು. ಬ್ರಿಟಿಷ್ ಸಂಸತ್ತು ಕಂಪನಿಗೆ ಕೊಟ್ಟ 1813ರ ಸನ್ನದು ಆ ತಡೆಯನ್ನು ಸಡಿಲಿಸಿತು, 1833ರದ್ದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಅವರ ಅಚ್ಚುಕೂಟದಿಂದ ಕನ್ನಡಕ್ಕೆ ಏನೆಲ್ಲ ಒದಗಿತು ಎಂಬುದು ಪ್ರತ್ಯೇಕ ಭಾಷಣಕ್ಕೆ ಆಗುವಷ್ಟಿದೆ. ಇಂದು ಭಾರತಕ್ಕೆ ಬರುವ ಪ್ರವಾಸಿ ತನ್ನ ಗ್ರಂಥವನ್ನು ಧಾರಾಳವಾಗಿ ತರಬಹುದು. ಪ್ರವಾಸಿ ವೀಸಾದಲ್ಲಿ ಬಂದು ಪ್ರಚಾರಕ್ಕೆ ಇಳಿಯುವಂತಿಲ್ಲ. 2020ರಲ್ಲಿ ತಬ್ಲೀಗಿ ಜಮಾತಿಗೆ ಸಂಬಂಧಿಸಿದ ನೂರಾರು ವಿದೇಶಿಯರನ್ನು ಕಪ್ಪುಪಟ್ಟಿಗೆ ಸೇರಿಸಿದ್ದು ಈ ಕಾರಣದಿಂದಲೇ.

ಹಾಗಾದರೆ ಹೊರಟು ನಿಂತವರು ಏನು ಮಾಡಬೇಕು? ನಾನು ಹೆದರುವುದು ಪುಸ್ತಕಕ್ಕಲ್ಲ, ಪಾರ್ಸೆಲ್‌ಗೆ. ನಮ್ಮಲ್ಲಿ ಒಬ್ಬರು ಗಲ್ಫಿಗೆ ಹೊರಟರೆಂದರೆ ನಾಲ್ಕು ಮನೆಯವರು ಕಟ್ಟು ತಂದು ಕೊಡುತ್ತಾರೆ. "ಅಲ್ಲಿ ನಮ್ಮ ಹುಡುಗನ ಗೆಳೆಯರು ಪ್ರತಿ ಶುಕ್ರವಾರ ಭಜನೆ ಮಾಡುತ್ತಾರೆ, ಹತ್ತು ಪುಸ್ತಕ ಕೊಡಿ ಅಂದರು." ಕೊಡುವವರ ಮನಸ್ಸು ಶುದ್ಧ. ಆದರೆ ತನಿಖೆಯ ಮೇಜಿನ ಮೇಲೆ ಪೆಟ್ಟಿಗೆ ತೆರೆದಾಗ ಆ ಹತ್ತು ಪುಸ್ತಕಗಳು ನಿಮ್ಮವು, ಉತ್ತರ ಕೊಡಬೇಕಾದವರೂ ನೀವೇ. ಕಟ್ಟನ್ನು ಬಿಚ್ಚಿ ನೋಡದೆ ಯಾರಿಂದಲೂ ತೆಗೆದುಕೊಳ್ಳಬೇಡಿ. ಬೇಸರವಾದರೆ ಆಗಲಿ. ನಿಮ್ಮದೇ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಕೇಳಿದರೆ ನಾನು ಓದುವ ಪ್ರಾರ್ಥನೆಯ ಪುಸ್ತಕ ಎಂದು ನೇರವಾಗಿ ಹೇಳಿ. ಹೊರಡುವ ಮೊದಲು ಆ ದೇಶದ ರಾಯಭಾರ ಕಚೇರಿಯ ಅಥವಾ ಕಸ್ಟಮ್ಸ್‌ನ ಈಗಿನ ಸೂಚನೆಯನ್ನು ಓದಿ, ಏಕೆಂದರೆ ನಾನು ಇವತ್ತು ಹೇಳಿದ್ದು ಮುಂದಿನ ವರ್ಷ ಬದಲಾಗಬಹುದು.

ಕಳೆದ ತಿಂಗಳು ನಮ್ಮ ಬೀದಿಯ ಹುಡುಗಿಯೊಬ್ಬಳು ನರ್ಸ್ ಕೆಲಸಕ್ಕೆಂದು ಸೌದಿಗೆ ಹೊರಟಳು. ಕೊಂಕಣಿ ಪ್ರಾರ್ಥನೆಯ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಬಳಿ ಬಂದು, "ಮಾಮ, ತೆಗೆದುಕೊಂಡು ಹೋಗಲೇ?" ಎಂದು ಕೇಳಿದಳು. ಒಂದನ್ನು ಒಯ್ಯಮ್ಮ ಎಂದೆ. ಚೀಲದಲ್ಲಿ ಇನ್ನೂ ಆರು ಇದ್ದವು, ಅತ್ತೆಯಂದಿರು ಅಲ್ಲಿನ ಗೆಳತಿಯರಿಗೆಂದು ಕೊಟ್ಟವು. ಅವಳು ತನ್ನದನ್ನು ಕೈಚೀಲಕ್ಕೆ ಹಾಕಿಕೊಂಡು ಉಳಿದವನ್ನು ನನಗೆ ಒಪ್ಪಿಸಿದಳು. ಆ ಆರು ಪುಸ್ತಕಗಳು ಈಗ ನಮ್ಮ ದೇವರ ಕೋಣೆಯಲ್ಲಿ, ಅಜ್ಜಿಯ ಕೆಂಪು ಬಟ್ಟೆಯ ಗೀತೆಯ ಪಕ್ಕದಲ್ಲಿ ಇವೆ. ರಜೆಗೆ ಬಂದಾಗ ಒಯ್ಯುತ್ತೇನೆ ಎಂದಿದ್ದಾಳೆ.

ನಮಸ್ಕಾರ.