ಹೊಸ ಬ್ಯಾರೆಲ್ ಕೊಳ್ಳುವ ಮುನ್ನ ಈ ಐದನೆಯ ತೂತನ್ನು ನೋಡಿ

[ಪರದೆಯ ಮೇಲೆ: ಗುರಿಯ ಕಾಗದ, ಬಹಳ ಹತ್ತಿರದಿಂದ.]

ನಮಸ್ಕಾರ. ಮಾತಿಗೆ ಮುನ್ನ ಈ ಕಾಗದವನ್ನು ನೋಡಿ. 50 ಮೀಟರ್ ದೂರದಿಂದ ಹಾರಿಸಿದ ಐದು ಗುಂಡುಗಳ ತೂತುಗಳು ಇವು. ನಾಲ್ಕು ಒಂದಕ್ಕೊಂದು ಅಂಟಿಕೊಂಡಂತೆ ಕುಳಿತಿವೆ. ಒಂದು ಮಾತ್ರ ಮೇಲಕ್ಕೆ, ಎಡಕ್ಕೆ, ಎರಡು ಬೆರಳಿನ ಅಗಲದಷ್ಟು ದೂರ ಹೋಗಿದೆ. ಅರೆ ಸ್ವಯಂಚಾಲಿತ ರೈಫಲ್‌ನಲ್ಲಿ, ಅಂದರೆ ಒಮ್ಮೆ ಎಳೆದರೆ ಒಂದು ಗುಂಡು ಹಾರಿಸಿ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಬಂದೂಕಿನಲ್ಲಿ, ಗುರಿ ಅಭ್ಯಾಸ ಮಾಡುವ ಎಲ್ಲರಿಗೂ ಈ ಐದನೆಯ ತೂತಿನ ಪರಿಚಯವಿದೆ. ಅದನ್ನು ಕಂಡ ಕೂಡಲೇ ಮನಸ್ಸು ಹೋಗುವುದು ಬಿಡಿಭಾಗಗಳ ಕಡೆಗೆ: ಹೊಸ ಬ್ಯಾರೆಲ್ (ಗುಂಡು ಹೊರಡುವ ನಳಿಕೆ), ಹೊಸ ಟ್ರಿಗರ್, ಹೊಸ ಬೋಲ್ಟ್ (ತೋಟಾದ ಹಿಂದೆ ಮುಚ್ಚಿ, ಹಿಂದೆ ಮುಂದೆ ಓಡುವ ಭಾಗ). ಕಾರ್ಖಾನೆಯಿಂದ ಬಂದ ಭಾಗವನ್ನು ತೆಗೆದು ದುಬಾರಿ ಭಾಗ ಹಾಕಿದರೆ ಪ್ರಯೋಜನವಿದೆಯೇ? ಕೆಲವಕ್ಕೆ ಖಂಡಿತ ಇದೆ. ಆದರೆ ತಪ್ಪು ಯಾವ ಭಾಗದ್ದು ಎಂದು ಅಳೆದು ನೋಡದೆ ಬದಲಿಸಿದರೆ ಹಣವೂ ಹೋಗುತ್ತದೆ, ಐದನೆಯ ತೂತೂ ಅಲ್ಲೇ ಉಳಿಯುತ್ತದೆ.

[ಪರದೆಯ ಮೇಲೆ: ಮೇಜಿನ ಮೇಲೆ ರೈಫಲ್. ಮ್ಯಾಗಜೀನ್ ಹೊರಗೆ, ಬೋಲ್ಟ್ ಹಿಂದಕ್ಕೆ ತೆರೆದಿದೆ.]

ಇದು ರೂಗರ್ 10/22. 1964ರಿಂದ ತಯಾರಾಗುತ್ತಿರುವ, .22 ಲಾಂಗ್ ರೈಫಲ್ ಎಂಬ ಹೆಸರಿನ ಚಿಕ್ಕ ತೋಟಾ ಹಾರಿಸುವ ಬಂದೂಕು. ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಯೇ ಮೇಜಿನ ಮೇಲೆ ಇಟ್ಟಿದ್ದೇನೆ. ಇದರ ಬ್ಯಾರೆಲ್ಲನ್ನು ಹಿಡಿದಿರುವುದು ಒಂದು ಚಿಕ್ಕ ಕಟ್ಟು, ಎರಡು ಸ್ಕ್ರೂ, ಅಷ್ಟೇ. ಬೇರೆ ಎಷ್ಟೋ ರೈಫಲ್‌ಗಳಲ್ಲಿ ಬ್ಯಾರೆಲ್ ಬದಲಿಸಲು ವಿಶೇಷ ಉಪಕರಣ, ಪಳಗಿದ ಕೈ ಬೇಕು. ಇಲ್ಲಿ ಮನೆಯ ಮೇಜಿನ ಮೇಲೆಯೇ ಆಗುತ್ತದೆ. ಇದಕ್ಕೆ ಇಷ್ಟೊಂದು ಬಗೆಯ ಬದಲಿ ಭಾಗಗಳು ಸಿಗಲು ಈ ಸುಲಭವೂ ಒಂದು ಕಾರಣ. ಅವಸರದಲ್ಲಿ ಕೊಳ್ಳುವುದಕ್ಕೂ ಇದೇ ದಾರಿ ಮಾಡಿಕೊಡುತ್ತದೆ.

ನನಗೂ ಹಾಗೆಯೇ ಆಯಿತು. ಈಗ ನೋಡಿದ ಕಾಗದ ನನ್ನದೇ. ಬ್ಯಾರೆಲ್ಲೇ ಸರಿಯಿಲ್ಲ ಎಂದು ತೀರ್ಮಾನಿಸಿ ದಪ್ಪನೆಯ ಹೊಸದೊಂದನ್ನು ತರಿಸಿ ಜೋಡಿಸಿದೆ. ಮತ್ತೆ ನಾಲ್ಕು ಒಟ್ಟಿಗೆ, ಒಂದು ದೂರ. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಒಂದು ಸಂಜೆ, ಗುರಿ ನೋಡುವ ದೂರದರ್ಶಕವನ್ನು ಬಂದೂಕಿನ ಮೇಲೆ ಕೂರಿಸುವ ಪಟ್ಟಿಯನ್ನು ಒರೆಸುತ್ತಿದ್ದೆ. ಅದನ್ನು ಹಿಡಿದಿದ್ದ ಸ್ಕ್ರೂ ನನ್ನ ಉಗುರಿಗೇ ತಿರುಗಿತು.

[ಪರದೆಯ ಮೇಲೆ: ಸ್ಕ್ರೂವಿನ ತಲೆ, ಅದರ ಸುತ್ತ ಪಟ್ಟಿಯ ಮೇಲೆ ಉಜ್ಜಿದ ಹೊಳಪು.]

ಈ ಹೊಳಪು ಕಾಣುತ್ತಿದೆಯೇ? ಪ್ರತಿ ಗುಂಡಿಗೂ ಪಟ್ಟಿ ಕೂದಲೆಳೆಯಷ್ಟು ಜರುಗಿ ಉಜ್ಜಿದ ಗುರುತು ಅದು. ಸ್ಕ್ರೂ ಬಿಗಿ ಮಾಡಿ, ಹಳೆಯ ಬ್ಯಾರೆಲ್ಲನ್ನೇ ಮತ್ತೆ ಹಾಕಿದೆ. ಐದೂ ಗುಂಡುಗಳು ಒಟ್ಟಿಗೆ ಕುಳಿತವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಆದ್ದರಿಂದ ಹಣ ತೆಗೆಯುವ ಮೊದಲು ದೂರದರ್ಶಕದ ಸ್ಕ್ರೂಗಳು, ಬ್ಯಾರೆಲ್ಲಿನ ಸ್ಕ್ರೂಗಳು, ಮರದ ಹಿಡಿಯನ್ನು ಕಚ್ಚಿ ಹಿಡಿಯುವ ಸ್ಕ್ರೂ, ಇಷ್ಟನ್ನೂ ನೋಡಿ.

ಆಮೇಲೆ ಅಳತೆ. ಮೂರು ಗುಂಡು ಹಾರಿಸಿ, ಮೂರೂ ಒಂದೇ ಕಡೆ ಬಿದ್ದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತೋರಿಸುವವರನ್ನು ಕಂಡಿದ್ದೇನೆ. ಮೂರು ಗುಂಡು ಏನನ್ನೂ ಹೇಳುವುದಿಲ್ಲ. ಅದೃಷ್ಟಕ್ಕೂ ಹಾಗೆ ಬೀಳುತ್ತವೆ. ಗುಂಡುಗಳ ಸಂಖ್ಯೆ ಹೆಚ್ಚಿದಂತೆ ತೂತುಗಳ ಗುಂಪು ಅಗಲವಾಗುವುದು ಸಹಜ. ನಾನು ಮಾಡುವುದು ಹೀಗೆ: ಒಂದೇ ಪೆಟ್ಟಿಗೆಯ ತೋಟಾಗಳಿಂದ ಐದೈದರಂತೆ ಐದು ಗುಂಪು, ಒಟ್ಟು 25 ಗುಂಡು. ಪ್ರತಿ ಗುಂಪಿನಲ್ಲಿ ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನು ಅಳೆದು, ಐದರ ಸರಾಸರಿ ತೆಗೆಯುತ್ತೇನೆ. ಗುರಿಕಾರರು ಗುಂಪಿನ ಅಗಲ ಹೇಳಲು ಬಳಸುವ ಒಂದು ಮಿನಿಟ್ ಕೋನವೆಂದರೆ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) 100 ಮೀಟರ್‌ನಲ್ಲಿ ಸುಮಾರು 29 ಮಿಲಿಮೀಟರ್, 50 ಮೀಟರ್‌ನಲ್ಲಿ ಅದರ ಅರ್ಧ. ಈ ಸರಾಸರಿ ಕೈಯಲ್ಲಿದ್ದರೆ ಮಾತ್ರ ನಾಳೆ ಹಾಕಿದ ಹೊಸ ಭಾಗ ಕೆಲಸ ಮಾಡಿತೇ ಇಲ್ಲವೇ ಎಂದು ಹೇಳಲು ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಭಾಗಗಳನ್ನು ಒಟ್ಟಿಗೆ ಹಾಕಿದರೆ ಯಾವುದರಿಂದ ಏನಾಯಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಮೊದಲು ಬದಲಿಸಬೇಕಾದದ್ದು ಬಂದೂಕಿನ ಭಾಗವೇ ಅಲ್ಲ. ಅದು ತೋಟಾ.

[ಪರದೆಯ ಮೇಲೆ: ನಾಲ್ಕು ಬಗೆಯ .22 ತೋಟಾಗಳು ಸಾಲಾಗಿ.]

.22 ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನೊಳಗೆ ಇರುತ್ತದೆ. ಅಲ್ಲಿ ಅದು ಸಮವಾಗಿ ಹರಡದಿದ್ದರೆ ಒಂದು ಗುಂಡು ವೇಗವಾಗಿ, ಇನ್ನೊಂದು ನಿಧಾನವಾಗಿ ಹೊರಡುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹೆಚ್ಚು ವೇಗದ ತೋಟಾ ಅದಕ್ಕಿಂತ ಜೋರಾಗಿ ಹೊರಟು, 100 ಮೀಟರ್ ತಲುಪುವಷ್ಟರಲ್ಲಿ ಆ ಗಡಿಯನ್ನು ದಾಟಿ ಕೆಳಗಿಳಿಯುತ್ತದೆ; ಆ ಹೊತ್ತಿನಲ್ಲಿ ಗುಂಡು ಅಲುಗುತ್ತದೆ. ಸಾಮಾನ್ಯ ವೇಗದ ಪಂದ್ಯದ ತೋಟಾ ಸುಮಾರು 325 ಮೀಟರ್ ವೇಗದಲ್ಲಿ, ಆರಂಭದಿಂದಲೂ ಗಡಿಯ ಕೆಳಗೇ ಸಾಗುತ್ತದೆ. ನಾಲ್ಕೈದು ಬಗೆಯ ತೋಟಾ ತಂದು, ಪ್ರತಿಯೊಂದರಲ್ಲೂ 25 ಗುಂಡು ಹಾರಿಸಿ ನೋಡಿ. ಒಂದು ಬ್ಯಾರೆಲ್ಲಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗದಿರಬಹುದು. ಒಂದು ಎಚ್ಚರಿಕೆಯೂ ಇದೆ. ಈ ರೈಫಲ್‌ನಲ್ಲಿ ಬೋಲ್ಟನ್ನು ಹಿಂದಕ್ಕೆ ತಳ್ಳುವುದು ತೋಟಾದ ಒದೆತವೇ. ತೀರ ಮೆತ್ತನೆಯ ತೋಟಾ ಹಾಕಿದರೆ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ.

ತೋಟಾ ಆಯ್ದ ಮೇಲೆ ನಾನು ಸಂಕೋಚವಿಲ್ಲದೆ ಹಣ ಹಾಕುವ ಭಾಗ ಟ್ರಿಗರ್. ನಮ್ಮ ಹಿರಿಯರು ಕುದುರೆ ಎನ್ನುತ್ತಿದ್ದರಲ್ಲ, ಅದೇ. ಈ ರೈಫಲ್ಲಿನ ತೂಕ ಸುಮಾರು 5 ಪೌಂಡ್. ಕಾರ್ಖಾನೆಯ ಟ್ರಿಗರ್ ಎಳೆಯಲು ಬೇಕಾಗುವ ಬಲವೂ ಹೆಚ್ಚುಕಡಿಮೆ ಅಷ್ಟೇ. ಬಂದೂಕಿನಷ್ಟೇ ಭಾರದಿಂದ ಬೆರಳು ಎಳೆದಾಗ ಬಂದೂಕು ಅಲುಗದೇ ಇರುತ್ತದೆಯೇ? ಕಂಪನಿಯೇ ಮಾರುವ ಹಗುರ ಟ್ರಿಗರ್ ಸುಮಾರು 3 ಪೌಂಡ್ ಒಳಗೆ ಬಿಡುತ್ತದೆ. ಟ್ರಿಗರ್ ಬದಲಿಸಿದರೆ ಬಂದೂಕಿನ ನಿಖರತೆ ಹೆಚ್ಚುವುದಿಲ್ಲ. ಬಂದೂಕನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು ಹಾರಿಸಿದರೆ ಹಳೆಯ ಟ್ರಿಗರ್‌ಗೂ ಹೊಸದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಹಾರಿಸುವವನ ಕೈಯಿಂದ ಆಗುವ ಅಲುಗಾಟವನ್ನು ಹಗುರ ಟ್ರಿಗರ್ ತಗ್ಗಿಸುತ್ತದೆ. ನಮ್ಮಲ್ಲಿ ಹೆಚ್ಚಿನವರ ತಪ್ಪು ಇರುವುದೂ ಅಲ್ಲಿಯೇ.

ಬದಲಿಸುವುದಾದರೆ ತಯಾರಕರು ಪೂರ್ತಿ ಜೋಡಿಸಿ ಕೊಟ್ಟ ಟ್ರಿಗರನ್ನೇ ಹಾಕಿ. ಒಳಗಿನ ಕಚ್ಚುಗಳನ್ನು ಅರದಿಂದ ಉಜ್ಜಿ ಹಗುರ ಮಾಡುವ ಸಾಹಸ ಬೇಡವೇ ಬೇಡ. ಬಂದೂಕು ಕೆಳಗೆ ಬಿದ್ದಾಗ, ಬೋಲ್ಟ್ ರಪ್ಪನೆ ಮುಚ್ಚಿದಾಗ ತಾನಾಗಿ ಗುಂಡು ಹಾರಬಹುದು. ಇದರಿಂದ ಜೀವ ಹೋಗುತ್ತದೆ. ನಿಮ್ಮ ದೇಶದ ಕಾನೂನು ಯಾವ ಭಾಗ ಬದಲಿಸಲು ಬಿಡುತ್ತದೆ ಎಂಬುದನ್ನೂ ಕೊಳ್ಳುವ ಮೊದಲೇ ತಿಳಿದುಕೊಳ್ಳಿ.

ಹಿಡಿಯ ಬಣ್ಣ, ಬೋಲ್ಟ್ ಬಡಿಯುವ ಸದ್ದನ್ನು ತಗ್ಗಿಸುವ ಪ್ಲಾಸ್ಟಿಕ್ ಕಡ್ಡಿ, ಹೊಳೆಯುವ ಗುಂಡಿಗಳು: ಇಷ್ಟವಿದ್ದರೆ ಹಾಕಿ. ಕಾಗದದ ಮೇಲೆ ಇವು ಕಾಣುವುದಿಲ್ಲ. ಹಳೆಯ ಸ್ಪ್ರಿಂಗ್‌ಗಳ ಮಾತು ಬೇರೆ. ಅವು ಸವೆಯುವ ವಸ್ತುಗಳು, ದಣಿದಾಗ ಹೊಸದನ್ನು ಹಾಕುವುದು ಬರೀ ಆರೈಕೆ.

[ಪರದೆಯ ಮೇಲೆ: ಎಂ1 ಗರಾಂಡ್ ಚಿತ್ರ.]

ಗುಂಡಿನ ಅನಿಲದಿಂದ ನಡೆಯುವ ದೊಡ್ಡ ರೈಫಲ್‌ಗಳಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಈ ಎಂ1 ಗರಾಂಡನ್ನು ನೋಡಿ. ನಳಿಕೆಯ ತುದಿಯಲ್ಲಿ ಹಿಡಿದ ಅನಿಲ ಒಂದು ಉದ್ದನೆಯ ಸರಳನ್ನು ಹಿಂದಕ್ಕೆ ತಳ್ಳಿ ಬೋಲ್ಟ್ ತೆರೆಯುತ್ತದೆ. ನಿಧಾನವಾಗಿ ಉರಿಯುವ ಮದ್ದಿನ ಇಂದಿನ ಬೇಟೆ ತೋಟಾ ಹಾಕಿದರೆ ಅಲ್ಲಿ ಒತ್ತಡ ಮಿತಿ ಮೀರಿ ಆ ಸರಳು ಬಾಗಬಹುದು. ಅಂಥ ತೋಟಾ ಹಾರಿಸುವವರಿಗೆ ಅನಿಲವನ್ನು ಹದ ಮಾಡುವ ಬದಲಿ ಬಿರಡೆ ನಿಜವಾಗಿಯೂ ಬೇಕಾದ ಭಾಗ. ಸೇನೆಯ ಹಳೆಯ ತೋಟಾಕ್ಕೆ ಹೊಂದುವ ತೋಟಾವನ್ನೇ ಹಾರಿಸುವವರಿಗೆ ಅದು ಬೇಕಿಲ್ಲ. ರೈಫಲ್ ಒಂದೇ, ಉತ್ತರ ಎರಡು.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಬಳಸಿದ ಎಂ16 ರೈಫಲ್ ಇನ್ನೂ ಕಹಿಯಾದ ಉದಾಹರಣೆ. ಒಂದು ಬಗೆಯ ಮದ್ದಿಗೆ ಹೊಂದಿಸಿದ್ದ ಬಂದೂಕಿಗೆ ಬೇರೆ ಬಗೆಯ ಮದ್ದಿನ ತೋಟಾ ಕೊಟ್ಟರು. ಬೋಲ್ಟ್ ಓಡುವ ವೇಗ ಏರಿತು, ಒಳಗೆ ಮಸಿ ಹೆಚ್ಚಿತು. ತೋಟಾ ಕೂರುವ ಗೂಡಿಗೆ ಕ್ರೋಮಿಯಂ ಲೇಪ ಇರಲಿಲ್ಲ. ಖಾಲಿ ಕೋಶಗಳು ಅಲ್ಲೇ ಕಚ್ಚಿಕೊಂಡವು; ಯುದ್ಧದ ನಡುವೆ ಸೈನಿಕರು ಕಡ್ಡಿಯಿಂದ ಅವನ್ನು ತಳ್ಳಿ ತೆಗೆಯಬೇಕಾಯಿತು. 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೇ ಇದನ್ನು ವಿಚಾರಿಸಿತು. ಗೂಡಿಗೆ ಕ್ರೋಮಿಯಂ, ಹಿಂದೆ ಬೋಲ್ಟಿನ ಓಟವನ್ನು ತಡೆದು ನಿಧಾನಿಸುವ ಹೆಚ್ಚು ಭಾರದ ಬಫರ್, ಜೊತೆಗೆ ಸರಿಯಾದ ಶುಚಿಕಾರ್ಯ, ಇವೆಲ್ಲ ಸೇರಿದ ಮೇಲೆ ಬಂದೂಕು ಹದಕ್ಕೆ ಬಂತು. ಮದ್ದು, ಸ್ಪ್ರಿಂಗ್, ಬಫರ್, ಅನಿಲದ ರಂಧ್ರ ಒಂದೇ ತಾಳಕ್ಕೆ ನಡೆಯುವಂಥವು. ಒಂದನ್ನು ಮುಟ್ಟಿದರೆ ಉಳಿದವನ್ನೂ ನೋಡಲೇಬೇಕು.

[ಪರದೆಯ ಮೇಲೆ: ಎಣ್ಣೆ ಬಟ್ಟೆಯಲ್ಲಿ ಸುತ್ತಿದ ದಪ್ಪ ಬ್ಯಾರೆಲ್.]

ಅಂದು ತರಿಸಿದ ಬ್ಯಾರೆಲ್ ಹೀಗೇ ಇದೆ. ಅದಕ್ಕೆ ನಾನು ಇನ್ನೂ ನ್ಯಾಯ ಕೊಟ್ಟಿಲ್ಲ. ಸಡಿಲ ಸ್ಕ್ರೂವಿನ ಜೊತೆ ಅದನ್ನು ತೂಗಿದ್ದೆ. ಮುಂದಿನ ವಿಡಿಯೋದಲ್ಲಿ ಎಲ್ಲ ಸ್ಕ್ರೂ ಬಿಗಿ ಮಾಡಿ, ಇದೇ ಪೆಟ್ಟಿಗೆಯ ತೋಟಾಗಳಿಂದ ಎರಡು ಬ್ಯಾರೆಲ್ಲಿಗೂ 25ರಂತೆ ಹಾರಿಸುತ್ತೇನೆ. ಹತ್ತೂ ಕಾಗದಗಳನ್ನು, ಕೆಟ್ಟದ್ದನ್ನೂ ಸೇರಿಸಿ, ನಿಮ್ಮ ಮುಂದೆ ಇಡುತ್ತೇನೆ.