ಕಪಾಟಿನ ಸಂದು ಮತ್ತು ಆಸ್ಪತ್ರೆಯ ಶುಚಿತ್ವ

ಮಾನ್ಯ ಅಧ್ಯಕ್ಷರೇ, ಕಟ್ಟಡ ಸಮಿತಿಯ ಹಿರಿಯರೇ, ತಾಯಂದಿರೇ, ಬಂಧುಗಳೇ,

2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳ ದಾರಿ ಕಡಿದಾಗ ಕಾಸರಗೋಡಿನವರಾದ ನಾವು ಅನುಭವಿಸಿದ್ದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಸಣ್ಣಪುಟ್ಟ ಕಾಯಿಲೆಗಾದರೂ ಮಂಗಳೂರಿಗೆ ಓಡುವುದು ತಪ್ಪಲಿ ಎಂಬ ಆಸೆಯಿಂದ ನೀವೆಲ್ಲ ಸೇರಿ ಕಟ್ಟುತ್ತಿರುವ ಚಿಕಿತ್ಸಾಲಯಕ್ಕೆ ಈಗ ತಾರಸಿಯೂ ಆಗಿದೆ. ಒಳಗಿನ ಕಪಾಟು, ಕೌಂಟರ್, ಸಿಂಕುಗಳಿಗೆ ಮುಂದಿನ ವಾರ ಆರ್ಡರ್ ಕೊಡುವುದೆಂದು ತಿಳಿದು, ಅದಕ್ಕೆ ಮೊದಲು ನನಗೆ ಅರ್ಧ ಗಂಟೆ ಕೊಡಿ ಎಂದು ನಾನೇ ಕೇಳಿಕೊಂಡೆ. ಮೂವತ್ತು ವರ್ಷ ದಾದಿಯಾಗಿ, ಅದರಲ್ಲಿ ಕೊನೆಯ ಹತ್ತು ವರ್ಷ ಸೋಂಕು ನಿಯಂತ್ರಣದ ಹೊಣೆ ಹೊತ್ತು ದುಡಿದವಳು ನಾನು. ಅಂಗಡಿಯವರು ತರುವ ಪುಸ್ತಕದಲ್ಲಿ ಬಣ್ಣಗಳಿರುತ್ತವೆ, ಹೊಳಪಿರುತ್ತದೆ. ನೀವು ಅವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಸಂದು ಎಲ್ಲಿದೆ?

ರೋಗಾಣು ಮನುಷ್ಯನ ಮೈಯಲ್ಲಿ ಮಾತ್ರ ಬದುಕುತ್ತದೆಂದು ನಂಬಿದವರು ಇನ್ನೂ ಇದ್ದಾರೆ. ಗಾಯದಲ್ಲಿ ಕೀವು ಕಟ್ಟಿಸುವ ಸ್ಟೆಫೈಲೊಕಾಕಸ್ ಆರಿಯಸ್ ಒಣಗಿದ ಮೇಜಿನ ಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲುದು. ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್‌ನ ಬೀಜಾಣುಗಳು ಐದು ತಿಂಗಳು ಉಳಿಯಬಲ್ಲವು, ಸ್ಪಿರಿಟ್ಟಿಗೂ ಅವು ಜಗ್ಗುವುದಿಲ್ಲ. ಇವುಗಳನ್ನು ತೊಲಗಿಸಬೇಕಾದರೆ ಮೊದಲು ಸಾಬೂನು ನೀರಿನಿಂದ ಕೊಳೆ ತೆಗೆಯಬೇಕು, ಏಕೆಂದರೆ ರಕ್ತ, ಕೀವು ಉಳಿದಲ್ಲಿ ಕ್ಲೋರಿನ್ ಅದರೊಂದಿಗೇ ವ್ಯಯವಾಗಿ ಬಲಗುಂದುತ್ತದೆ; ಆಮೇಲೆ ಸೋಂಕುನಿವಾರಕ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಆ ಜಾಗ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಬೇಕು. ದಿನಕ್ಕೆ ಎರಡು ಮೂರು ಸಲ ಹೀಗೆ ತೋಯಿಸಿದರೂ ತಾಳುವ, ಬಟ್ಟೆ ಹಿಡಿದ ಕೈ ಎಲ್ಲ ಕಡೆಗೂ ಹೋಗುವಂಥ ವಸ್ತುವೇ ಆಸ್ಪತ್ರೆಗೆ ಯೋಗ್ಯ. ಕೈ ಹೋಗದ ಸಂದಿಗೆ ಎಂಥ ಔಷಧ ತಂದರೂ ಅದು ಹೊರಗೇ ಉಳಿಯುತ್ತದೆ.

ನಾನು ಕೆಲಸಕ್ಕಿದ್ದ ಆಸ್ಪತ್ರೆಯೊಂದರಲ್ಲಿ ಗಾಯ ಕಟ್ಟುವ ಕೋಣೆಗೆ ಹೊಸ ಕಪಾಟು ಬಂತು. ಹಾಲಿನಂಥ ಬಿಳಿ ಮೈಕಾ. ಸಿಂಕಿಗೆ ತಾಗಿಸಿಯೇ ನಿಲ್ಲಿಸಿದರು. ಎರಡನೆಯ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ, ಆ ಕೋಣೆಗೆ ಕಾಲಿಟ್ಟರೆ ನೆನೆದ ಗೋಣಿಯ ವಾಸನೆ. ಫಿನಾಯಿಲು ಹಾಕಿದೆವು. ಮೋರಿ ಬಿಡಿಸಿದೆವು. ಇಲಿ ಸತ್ತಿರಬೇಕೆಂದು ಅಟ್ಟವನ್ನೆಲ್ಲ ಹುಡುಕಿಸಿದೆವು. ಒಂದು ಬೆಳಿಗ್ಗೆ ನೆಲ ಒರೆಸುತ್ತಿದ್ದ ಹೆಂಗಸು ನನ್ನನ್ನು ಕರೆದು, “ಸಿಸ್ಟರ್, ಈ ಕಪಾಟಿನ ಬುಡ ಬೀಗಿಕೊಂಡಿದೆ ನೋಡಿ” ಎಂದಳು. ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆ. ಅಡಿಯ ಹಲಗೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು, ಅಂಚಿನ ಪ್ಲಾಸ್ಟಿಕ್ ಪಟ್ಟಿ ಗೇಣುದ್ದ ಬಿಟ್ಟುಕೊಂಡಿತ್ತು. ಒತ್ತಿದರೆ ಬೆರಳು ಒಳಗೆ ಹೋಯಿತು. ಆಚಾರಿಯವರನ್ನು ಕರೆಸಿದೆವು. ಅವರು ಉಳಿಯಿಂದ ಮೀಟಿ ಹಲಗೆಯನ್ನು ಎಬ್ಬಿಸಿದಾಗ ಕಂಡದ್ದು ಕಪ್ಪು ಬೂಷ್ಟು, ಕಂದು ಬಣ್ಣಕ್ಕೆ ತಿರುಗಿದ ಹತ್ತಿಯ ಉಂಡೆಗಳು, ಇಂಜೆಕ್ಷನ್ ಔಷಧದ ಗಾಜಿನ ಆಂಪೂಲಿನ ಮುರಿದ ಕತ್ತು, ಇರುವೆಯ ಸಾಲು, ನೆಲಕ್ಕಂಟಿ ನಿಂತ ಜಿಗುಟು ನೀರು. ಎರಡು ವರ್ಷ ನಾವು ಆ ಕಪಾಟಿನ ಮೈಯನ್ನು ದಿನಕ್ಕೆ ಮೂರು ಸಲ ಒರೆಸಿದ್ದೆವು. “ಇದು ಮರವೇ ಅಲ್ಲ ಸಿಸ್ಟರ್, ಮರದ ಹುಡಿ” ಎಂದು ಆಚಾರಿಯವರು ಒಂದು ತುಂಡನ್ನು ಅಂಗೈಯಲ್ಲಿ ಹಿಸುಕಿದರು. ಅದು ಒದ್ದೆ ಅವಲಕ್ಕಿಯಂತೆ ಉದುರಿತು. ಆ ಎರಡು ವರ್ಷಗಳಲ್ಲಿ ಅಲ್ಲಿ ಗಾಯ ಕಟ್ಟಿಸಿಕೊಂಡವರ, ಅದರಲ್ಲಿಯೂ ಸಕ್ಕರೆ ಕಾಯಿಲೆಯ ಕಾಲುಹುಣ್ಣಿನವರ ಮುಖಗಳು ನನಗೆ ಈಗಲೂ ನೆನಪಾಗುತ್ತವೆ. ಯಾರ ಹುಣ್ಣು ಆ ಕಪಾಟಿನಿಂದ ಕೆಟ್ಟಿತೆಂದು ಲೆಕ್ಕ ಹಾಕುವುದು ಸಾಧ್ಯವಿಲ್ಲ. ಯಾರದೂ ಕೆಡಲಿಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಆಚಾರಿಯವರ ಮಾತು ಅಕ್ಷರಶಃ ನಿಜವಾಗಿತ್ತು. ಆ ಕಪಾಟು ಪಾರ್ಟಿಕಲ್ ಬೋರ್ಡಿನದು. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರುಗಳನ್ನು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ನೀರು ತಾಗಿದರೆ ಅಂಟು ಸಡಿಲಾಗಿ ಚೂರುಗಳು ಹಿಗ್ಗುತ್ತವೆ, ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಮೇಲಿನ ಮೈಕಾ ನೀರನ್ನು ತಡೆಯುತ್ತದೆ, ಒಪ್ಪೋಣ. ಆದರೆ ನೀರು ಹೋಗುವುದು ಮೈಯಿಂದಲ್ಲ. ಅಂಚಿನಿಂದ, ಸ್ಕ್ರೂ ಹಾಕಿದ ತೂತಿನಿಂದ, ಸಿಂಕಿಗೆಂದು ಕೊರೆದ ಜಾಗದಿಂದ. ಪ್ಲೈವುಡ್ಡೇ ಬೇಕೆಂದಾದರೆ ಐ.ಎಸ್. 710 ಎಂಬ ಭಾರತೀಯ ಮಾನಕದ ಮರೈನ್ ಪ್ಲೈ ತರಿಸಿ. ಅದರ ಅಂಟನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸಿರುತ್ತಾರೆ. ಹಲಗೆಯ ಮೇಲಿನ ಮುದ್ರೆಯನ್ನು ಸಮಿತಿಯವರು ಕಣ್ಣಾರೆ ನೋಡಬೇಕು, ಕೊಯ್ದ ಅಂಚುಗಳನ್ನೆಲ್ಲ, ಯಾರಿಗೂ ಕಾಣದ ಕೆಳಗಿನ ಅಂಚನ್ನೂ ಸೇರಿಸಿ, ಮುಚ್ಚಿಸಬೇಕು. ನನ್ನನ್ನು ಕೇಳಿದರೆ ನೀರಿನ ಪಕ್ಕದಲ್ಲಿ 12 ಮಿಲಿಮೀಟರಿನ ಕಾಂಪ್ಯಾಕ್ಟ್ ಲ್ಯಾಮಿನೇಟ್ ಉತ್ತಮ. ರಾಳದಲ್ಲಿ ನೆನೆಸಿದ ಕಾಗದದ ಪದರಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ ಆ ಹಲಗೆ ಪೂರ್ತಿ ಗಟ್ಟಿ. ಒಳಗೆ ಮರದ ಹುಡಿ ಇಲ್ಲ, ಅಂಚಿಗೆ ಪಟ್ಟಿಯೂ ಬೇಡ.

ಕೌಂಟರಿಗೆ ಟೈಲ್ಸ್ ಹಾಕಿಸಲೇಬೇಡಿ. ಟೈಲ್ಸ್ ಶುಚಿಯೇ, ಆದರೆ ಎರಡು ಟೈಲ್ಸಿನ ನಡುವಿನ ಸಿಮೆಂಟು ನೀರು ಕುಡಿಯುತ್ತದೆ. ಅಲ್ಲಿ ಕೂಡ ನಾನು ಹೇಳುತ್ತಿರುವುದು ಸಂದಿನ ಮಾತನ್ನೇ. ಗ್ರಾನೈಟ್ ಹಾಕಿಸುವುದಾದರೆ ಒಂದೇ ಚಪ್ಪಡಿಯಾಗಿರಲಿ, ನೀರು ಹೀರದಂತೆ ತಡೆಯುವ ಸೀಲರ್ ಹಚ್ಚಿಸಿ, ವರ್ಷ ವರ್ಷ ಪರೀಕ್ಷಿಸುತ್ತಿರಿ. ಕೈ ಎತ್ತಿ ಕೊಡುವ ದಾನಿಗಳಿದ್ದರೆ ಸಾಲಿಡ್ ಸರ್ಫೇಸ್ ಎಂಬ, ಒಳಗೂ ಹೊರಗೂ ಒಂದೇ ಆದ ಅಕ್ರಿಲಿಕ್ಕಿನ ಹಲಗೆ ಹಾಕಿಸಬಹುದು. ಅದರ ತುಂಡುಗಳನ್ನು ಅದೇ ಜಾತಿಯ ಅಂಟಿನಲ್ಲಿ ಬೆಸೆದು ಉಜ್ಜಿದರೆ ಜೋಡಿಸಿದ ಗುರುತೇ ಉಳಿಯುವುದಿಲ್ಲ, ಗೀರು ಬಿದ್ದರೂ ಉಜ್ಜಿ ತೆಗೆಯಬಹುದು. ಕುದಿಯುವ ಪಾತ್ರೆಯನ್ನು ಮಾತ್ರ ಅದರ ಮೇಲೆ ಇಡಬಾರದು.

ಸ್ಟೀಲು ಒಳ್ಳೆಯದೆಂದು ಹಲವರು ಹೇಳಿದ್ದಾರೆ, ಅದು ಸರಿಯೇ. ಆದರೆ ಸ್ಟೀಲಿನಲ್ಲಿಯೂ ಜಾತಿಗಳಿವೆ. ಸಾಮಾನ್ಯವಾಗಿ ಸಿಗುವುದು 304. ಇನ್ನೊಂದು 316, ಅದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಎಂಬ ಲೋಹ ಸೇರಿರುವುದರಿಂದ ಉಪ್ಪಿನ ಅಂಶವನ್ನು ಹೆಚ್ಚು ತಾಳುತ್ತದೆ. ಬ್ಲೀಚಿಂಗ್ ದ್ರಾವಣವನ್ನು ಹಾಕಿ ಹಾಗೆಯೇ ಒಣಗಲು ಬಿಟ್ಟರೆ 304ರ ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ, ಆ ಗುಳಿಯೂ ಒಂದು ಸಂದೇ. ಸಮುದ್ರದ ಗಾಳಿ ತಿನ್ನುವ ನಮ್ಮ ಊರಿನಲ್ಲಿ ದ್ರಾವಣ ಒರೆಸಿದ ಮೇಲೆ ಶುದ್ಧ ನೀರಿನಲ್ಲಿ ಮತ್ತೊಮ್ಮೆ ಒರೆಸುವುದನ್ನು ಮರೆಯಬಾರದು.

ಸಿಂಕಿನ ವಿಷಯದಲ್ಲಿ ಟೊರಾಂಟೊ ನಗರದ ಒಂದು ಆಸ್ಪತ್ರೆಯ ಪ್ರಕರಣವನ್ನು ಹೇಳಲೇಬೇಕು. 2004ರ ಕೊನೆಯಿಂದ 2006ರ ಮೊದಲ ತಿಂಗಳುಗಳವರೆಗೆ ಅಲ್ಲಿನ ತೀವ್ರ ನಿಗಾ ಘಟಕಗಳಲ್ಲಿ ಔಷಧಿಗೆ ಬಗ್ಗದ ಸೂಡೊಮೊನಾಸ್ ಎಂಬ ರೋಗಾಣು 36 ರೋಗಿಗಳಿಗೆ ಹಬ್ಬಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಕೈ ತೊಳೆಯುವ ಸಿಂಕಿನಿಂದ ಕೊಳೆನೀರು ಹೊರಹೋಗುವ ಕೊಳವೆ. ಹೊಳೆಯುವ ಬಣ್ಣವನ್ನು ಕೊಳವೆಯೊಳಗೆ ಹಾಕಿ ನಲ್ಲಿ ತಿರುಗಿಸಿದರೆ ಹನಿಗಳು ಒಂದು ಮೀಟರಿನಷ್ಟು ದೂರ ಸಿಡಿದಿದ್ದವು. ಔಷಧ ತಯಾರಿಸುವ ಜಾಗ ಆ ಒಂದು ಮೀಟರಿನೊಳಗೇ ಇತ್ತು. ನಿಮ್ಮ ನಕ್ಷೆಯಲ್ಲಿ ಇಂಜೆಕ್ಷನ್ ತಟ್ಟೆಯ ಕೌಂಟರ್ ಸಿಂಕಿಗೆ ಅಂಟಿಕೊಂಡಿದೆ. ದಯವಿಟ್ಟು ಅದನ್ನು ಎದುರಿನ ಗೋಡೆಗೆ ಸರಿಸಿ.

ನಮ್ಮ ಹಳೆಯ ಮನೆಗಳಲ್ಲಿದ್ದ ಕೆಂಪು ಕಾವಿ ನೆಲವನ್ನು ನೆನಪಿಸಿಕೊಳ್ಳಿ. ಕೋಣೆ ತುಂಬ ಒಂದೇ ಹಾಸು. ಆಸ್ಪತ್ರೆಯಲ್ಲಿಯೂ ನೆಲದ ಹಾಸು ಗೋಡೆಯ ಬುಡದಲ್ಲಿ ಮೂಲೆಯಾಗದೆ, ಬಾಣಲೆಯ ಒಳಮೈಯಂತೆ ಬಾಗಿ, ಕನಿಷ್ಠ ನಾಲ್ಕು ಇಂಚು ಮೇಲೇರಬೇಕು.

ರೋಗಾಣು ಕೊಲ್ಲುವ ಮೈಕಾ ಎಂದು ಹೆಚ್ಚಿನ ಬೆಲೆಗೆ ಮಾರುತ್ತಾರೆ. ತಾಮ್ರಕ್ಕೆ ಆ ಗುಣ ಇರುವುದು ಸತ್ಯ. 2020ರ ಪ್ರಯೋಗವೊಂದರಲ್ಲಿ ಕೊರೋನಾ ವೈರಾಣು ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆಯವರೆಗೆ ಕಂಡುಬಂದರೆ, ತಾಮ್ರದ ಮೇಲೆ 4 ಗಂಟೆಯ ನಂತರ ಜೀವಂತವಾಗಿ ಸಿಗಲಿಲ್ಲ. ಆದರೂ ಯಾವ ಲೋಹವೂ ಒರೆಸುವ ಕೈಗೆ ಬದಲಿಯಲ್ಲ. ಆ ಹಣವನ್ನು ಅಂಚು ಮುಚ್ಚಿಸಲು ಬಳಸಿರೆಂದು ನನ್ನ ಕಳಕಳಿಯ ಬೇಡಿಕೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬದಿಯಡ್ಕದ ಕಡೆಯವರಿಗೆ ಬಸ್ಸಿನ ಹೊತ್ತೂ ಆಯಿತು. ಉಳಿದದ್ದನ್ನು ಬೇಗನೆ ಹೇಳುತ್ತೇನೆ. ಕಪಾಟಿನ ತಲೆ ಇಳಿಜಾರಾಗಿರಲಿ ಅಥವಾ ತಾರಸಿಗೆ ಮುಟ್ಟಲಿ. ಅಡಿಯಲ್ಲಿ ಆರು ಇಂಚಿನ ಸ್ಟೀಲಿನ ಕಾಲುಗಳಿರಲಿ, ಕೋಲಿನ ಬಟ್ಟೆ ಒಳಗೆ ಹೋಗಲಿ. ಕೊರೆದ ಹಿಡಿಕೆ ಬೇಡ. ನೆಲ ಒರೆಸಲು ಬರುವ ಹೆಂಗಸರಲ್ಲಿ ಒಬ್ಬರನ್ನಾದರೂ ಮುಂದಿನ ಸಭೆಗೆ ಕರೆದು ನಕ್ಷೆ ತೋರಿಸಿ. ಆರ್ಡರಿಗೆ ಮೊದಲು ಪ್ರತಿಯೊಂದು ಹಲಗೆಯ ಗೇಣುದ್ದದ ಎರಡು ತುಂಡುಗಳನ್ನು ಅಂಚು ಕಟ್ಟಿಸಿಯೇ ತರಿಸಿ. ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಬ್ಲೀಚಿಂಗ್ ದ್ರಾವಣದಲ್ಲಿ ಮೂರು ದಿನ ಮುಳುಗಿಸಿಡೋಣ. ಬಕೆಟುಗಳನ್ನು ನನ್ನ ಮನೆಯ ಜಗಲಿಯಲ್ಲಿಯೇ ಇಡಬಹುದು. ಸೋಮವಾರ ತಂದರೆ ಗುರುವಾರ ಬೆಳಿಗ್ಗೆ ಸಮಿತಿಯವರೆಲ್ಲ ಬಂದು ಬೆರಳಿನಿಂದ ಒತ್ತಿ ನೋಡಬಹುದು.