ದಾರಿ ಗೊತ್ತಿಲ್ಲದವರಿಗೆ ಒಂದು ಬೋರ್ಡ್

ನಮಸ್ಕಾರ. ಇವತ್ತು ನಮ್ಮೂರ ಕವಲಿನಲ್ಲಿ ನಿಂತಿರುವ ಒಂದು ಬೋರ್ಡ್ ಬಗ್ಗೆ ಮಾತಾಡಬೇಕು ಅನ್ನಿಸಿತು. ಒಂದು ತಗಡು, ಎರಡು ಕಬ್ಬಿಣದ ಪೈಪು, ಅಷ್ಟೇ. ಅದನ್ನು ನಿಲ್ಲಿಸೋಕೆ ನಮಗೆ ಇಷ್ಟು ವರ್ಷ ಯಾಕೆ ಬೇಕಾಯಿತು ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ.

ನಮ್ಮದು ತುಮಕೂರು ಜಿಲ್ಲೆ, ಮಧುಗಿರಿ ತಾಲ್ಲೂಕು. ಊರ ಹೆಸರು ಹೊಸಹಳ್ಳಿ. ನಮ್ಮ ಸೀಮೆಯಲ್ಲಿ ಹೊಸಹಳ್ಳಿ, ಗೊಲ್ಲರಹಟ್ಟಿ ಅನ್ನೋ ಹೆಸರಿನ ಊರುಗಳು ಒಂದೆರಡಲ್ಲ. ಎರಡು ವರ್ಷದ ಹಿಂದೆ ಒಂದು ರಾತ್ರಿ ಅಮ್ಮನಿಗೆ ಉಸಿರಾಡೋಕೆ ಕಷ್ಟವಾಯಿತು. ಆಂಬುಲೆನ್ಸ್‌ಗೆ ಫೋನ್ ಮಾಡಿದೆವು. ಡ್ರೈವರ್ ಕೂಡಲೇ ಹೊರಟಿದ್ದರು, ಆದರೆ ಹೋಗಿದ್ದು ಇನ್ನೊಂದು ಹೊಸಹಳ್ಳಿಗೆ. ಅಲ್ಲಿಂದ ತಿರುಗಿ ಬಂದು, ನಮ್ಮ ಕವಲಲ್ಲಿ ನಿಂತು, "ಎಡಕ್ಕಾ ಬಲಕ್ಕಾ?" ಅಂತ ಕೇಳಿದರು. ನಾನು ಹೇಳಿದ್ದೇನು ಗೊತ್ತಾ? "ದೊಡ್ಡ ಹುಣಸೆಮರ ದಾಟಿ, ಡೈರಿ ಹತ್ತಿರ ತಿರುಗಿ." ಆ ಕತ್ತಲಲ್ಲಿ ಅವರಿಗೆ ಯಾವ ಹುಣಸೆಮರ ಕಾಣಬೇಕು? ಕೊನೆಗೆ ನನ್ನ ತಮ್ಮ ಬೈಕಿನಲ್ಲಿ ಹೋಗಿ ಅವರನ್ನು ಕರೆದುಕೊಂಡು ಬಂದ. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಅಮ್ಮ ಉಳಿದರು. ಆದರೆ ಆ ಮುಕ್ಕಾಲು ಗಂಟೆ ನಾನು ಅವರ ಬೆನ್ನು ನೀವುತ್ತಾ ಕೂತಿದ್ದೆ, ಅದನ್ನು ಮರೆಯೋಕೆ ಆಗಿಲ್ಲ.

ಊರಲ್ಲಿ ಬೋರ್ಡ್ ಮಾತು ತೆಗೆದಾಗ ಹಿರಿಯರು ಹೇಳಿದ್ದು ಒಂದೇ. "ನಮಗೆಲ್ಲ ದಾರಿ ಗೊತ್ತಲ್ಲಪ್ಪ, ಬೋರ್ಡ್ ಯಾಕೆ?" ಅಲ್ಲೇ ಇರೋದು ವಿಷಯ. ದಾರಿ ಗೊತ್ತಿರುವವರಿಗೆ ಬೋರ್ಡ್ ಬೇಕಾಗಿಲ್ಲ. ರಸ್ತೆಯಲ್ಲಿ ಗುಂಡಿ ಎಲ್ಲಿದೆ ಅಂತ ಗೊತ್ತಿರುವವರು ಗಾಡಿ ಪಕ್ಕಕ್ಕೆ ತಗೊಂಡು ಹೋಗುತ್ತಾರೆ. ಬೀಳೋದು ಹೊಸಬರು. ದಂಡಿನ ಮಾರಮ್ಮನ ಜಾತ್ರೆಗೆ ಮಕ್ಕಳನ್ನು ಕೂರಿಸಿಕೊಂಡು ಬರುವ ನೆಂಟರು, ರಾತ್ರಿ ಹೊತ್ತು ಶೇಂಗಾ ಮೂಟೆ ತುಂಬೋಕೆ ಬರುವ ಲಾರಿಯವರು, ಹೊಸದಾಗಿ ವರ್ಗವಾಗಿ ಬಂದ ನರ್ಸ್.

ಹತ್ತು ಹನ್ನೆರಡು ಜನ ಸೇರಿದೆವು. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೆಲಸ. ಮೊದಲು ಹಿಡಿದಿದ್ದು ಕುಡುಗೋಲು. ಹೊಸ ಬೋರ್ಡ್ ಹಾಕೋ ಮುಂಚೆ, ಇರುವ ಬೋರ್ಡ್ ಕಾಣಬೇಕಲ್ವಾ? ತಿರುವಿನಲ್ಲಿ ಕೆಂಪು ಅಂಚಿನ ತ್ರಿಕೋನದ ಬೋರ್ಡೊಂದು ಮೊದಲೇ ಇತ್ತು, ಬಳ್ಳಾರಿ ಜಾಲಿ ಅದನ್ನು ಪೂರ್ತಿ ನುಂಗಿಬಿಟ್ಟಿತ್ತು. ಇನ್ನೊಂದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಆ ಬೋರ್ಡ್ ಹೇಳೋದು ಮುಂದೆ ಸ್ಕೂಲ್ ಇದೆ ಅಂತ.

ನಮ್ಮ ಮೊದಲ ಬೋರ್ಡಿನಲ್ಲಿ ಒಂದು ತಪ್ಪಾಯಿತು. ಸಾಮಾನ್ಯ ಪೇಂಟಿನಲ್ಲಿ ಚೆಂದವಾಗಿ ಬರೆಸಿ, ಊರ ಕಮಾನಿನ ಹತ್ತಿರ ನಿಲ್ಲಿಸಿದೆವು. ರಾತ್ರಿ ಹೋಗಿ ನೋಡಿದರೆ ಒಂದಕ್ಷರ ಕಾಣಲಿಲ್ಲ. ಹೆದ್ದಾರಿ ಬೋರ್ಡುಗಳು ರಾತ್ರಿ ಹೊಳೆಯೋದು ಅದರ ಮೇಲಿನ ಹಾಳೆಯಿಂದ. ಆ ಹಾಳೆ ಹೆಡ್‌ಲೈಟಿನ ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುತ್ತದೆ. ಎರಡನೇ ಸಲ ಅದನ್ನೇ ಹಾಕಿಸಿದೆವು. ಊರ ಹೆಸರಿನ ಕೆಳಗೆ ಹೋಬಳಿ, ಗ್ರಾಮ ಪಂಚಾಯಿತಿ ಹೆಸರನ್ನೂ ಬರೆಸಿದೆವು, ಇನ್ನೊಂದು ಹೊಸಹಳ್ಳಿ ಜೊತೆ ಬೆರಕೆ ಆಗಬಾರದು ಅಂತ. ಜಾಗವನ್ನೂ ಬದಲಿಸಿದೆವು. ಕಮಾನಿನ ಹತ್ತಿರ ಬಂದವರಿಗೆ ಊರು ಸಿಕ್ಕಾಗಿದೆ. ಬೋರ್ಡ್ ಬೇಕಾಗಿರೋದು ಕವಲಿಗೆ, ಅದೂ ತಿರುಗುವ ಜಾಗಕ್ಕಿಂತ ಸ್ವಲ್ಪ ಮೊದಲೇ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರ ಅನುಮತಿ ಬರೆಸಿಕೊಂಡೇ ನೆಟ್ಟೆವು.

ಗುಂಡಿ ಮುಚ್ಚೋದು ಬೇರೆ ವಿದ್ಯೆ. ಸುಮ್ನೆ ಮಣ್ಣು ಸುರಿದರೆ ಮೊದಲ ಮಳೆಗೇ ಕೆಸರು. ಅಂಚನ್ನು ನೇರವಾಗಿ ಕತ್ತರಿಸಬೇಕು, ಸಡಿಲ ಜಲ್ಲಿ, ಧೂಳು, ನೀರು ಎಲ್ಲ ತೆಗೆಯಬೇಕು. ಆಮೇಲೆ ಟಾರು ಬೆರೆಸಿದ ಜಲ್ಲಿ ತುಂಬಿ ಚೆನ್ನಾಗಿ ದಮ್ಮಸ್ಸು ಮಾಡಬೇಕು. ಬಿಸಿ ಮಾಡದೆ ಹಾಕುವ ಮಿಶ್ರಣ ಮೂಟೆಯಲ್ಲೇ ಸಿಗುತ್ತದೆ. ಇಷ್ಟು ಮಾಡಿದರೂ ಪಕ್ಕದ ಮೋರಿ ಕಟ್ಟಿಕೊಂಡಿದ್ದರೆ ಗುಂಡಿ ಮತ್ತೆ ಬೀಳುತ್ತದೆ. ರಸ್ತೆ ಹಾಳು ಮಾಡೋದು ನಿಂತ ನೀರು. ಹಾಗಾಗಿ ನಮ್ಮ ಹುಡುಗರು ಗುಂಡಿಗಿಂತ ಜಾಸ್ತಿ ಮೋರಿಯನ್ನೇ ಬಳಿದಿದ್ದಾರೆ.

"ಸರ್ಕಾರದ ಕೆಲಸ ನೀವ್ಯಾಕೆ ಮಾಡ್ತೀರಿ? ಹೀಗೆ ಮಾಡಿದರೆ ಅವರು ಇನ್ನೂ ಸೋಮಾರಿಗಳಾಗ್ತಾರೆ" ಅಂತ ಒಬ್ಬರು ನೇರವಾಗಿಯೇ ಕೇಳಿದರು. ಈ ಮಾತನ್ನು ನಾನು ತಳ್ಳಿಹಾಕೋದಿಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಗಿದ್ದು 2000ದಲ್ಲಿ. ಆ ಯೋಜನೆಯ ರಸ್ತೆ ಪಕ್ಕ ಒಂದು ಬೋರ್ಡ್ ಇರುತ್ತದೆ, ಗುತ್ತಿಗೆದಾರ ಯಾರು, ಕೆಲಸ ಯಾವಾಗ ಮುಗಿಯಿತು ಅಂತ. ರಸ್ತೆ ಮುಗಿದ ಮೇಲೆ 5 ವರ್ಷ ಅದರ ನಿರ್ವಹಣೆ ಅದೇ ಗುತ್ತಿಗೆದಾರರದ್ದು. ನಾವು ಎಷ್ಟು ಜನ ಅದನ್ನು ನಿಂತು ಓದಿದ್ದೇವೆ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅನ್ನೋ ಕಲಂ ಸೇರಿತು. ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಹೊಣೆ ಹೊತ್ತವರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಅದಕ್ಕೇ ನಾವು ಗುಂಡಿ ಮುಚ್ಚುವ ಮುಂಚೆ ಫೋಟೊ ತೆಗೆಯುತ್ತೇವೆ. ಸೋಮವಾರ ಅರ್ಜಿ ಕೊಟ್ಟು, ನಮ್ಮ ಪ್ರತಿಗೆ ಮೊಹರು ಹಾಕಿಸಿಕೊಳ್ಳುತ್ತೇವೆ. ಆದರೆ ಅರ್ಜಿಗೆ ಉತ್ತರ ಬರುವ ತನಕ ಆ ಗುಂಡಿ ಬಾಯಿ ತೆರೆದುಕೊಂಡೇ ಇರಲಿ ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ.

ನಮ್ಮ ಕೈಯಲ್ಲೇ ಇರುವ ಒಂದು ಕೆಲಸ ಇನ್ನೂ ಆಗಿಲ್ಲ. ಸುಗ್ಗಿ ಬಂದರೆ ರಾಗಿ, ಹುರುಳಿ ಎಲ್ಲ ಟಾರು ರಸ್ತೆ ಮೇಲೆ. ಹುರುಳಿ ಹರಡಿದ ಕಡೆ ಬೈಕಿನ ಚಕ್ರ ಹೇಗೆ ಜಾರುತ್ತದೆ ಅಂತ ಬಿದ್ದವರಿಗೇ ಗೊತ್ತು. ಕಣ ಮಾಡೋಕೆ ಎಲ್ಲರ ಹತ್ತಿರ ಜಾಗ ಇಲ್ಲ, ಅದು ನನಗೂ ಗೊತ್ತು. ಅದಕ್ಕೇ ಬೈಯೋದು ಬೇಡ, ಊರಿಗೆಲ್ಲ ಸೇರಿ ಒಂದು ಕಣ ಕೇಳೋಣ ಅಂತ ಗ್ರಾಮಸಭೆಯಲ್ಲಿ ಮಾತು ಎತ್ತಿದ್ದೇವೆ. ಅಲ್ಲಿಯವರೆಗೆ ಒಕ್ಕಣೆ ನಡೆಯುವ ಜಾಗದ ಎರಡೂ ಕಡೆ, ದೂರದಲ್ಲೇ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡುತ್ತೇವೆ.

ಬರುವ ಭಾನುವಾರ ರಸ್ತೆಯ ಹಂಪ್‌ಗೆ ಬಿಳಿ ಪಟ್ಟೆ ಬಳಿಯಬೇಕು. ಆಮೇಲೆ ಗಾಡಿ ಹತ್ತಿ ಆ ಇನ್ನೊಂದು ಹೊಸಹಳ್ಳಿಗೆ ಹೋಗುತ್ತೇವೆ. ಅವರ ಕವಲಿಗೂ ಬೋರ್ಡ್ ಇಲ್ಲ. ಪೈಪು ಅವರದು, ತಗಡು ನಮ್ಮದು ಅಂತ ಮಾತಾಗಿದೆ.